ನೀರ್ಕೋಡಿನಿಂದ ಅಳಿವೆಗೆ

ಕಳೆದ ವರ್ಷ ತಮ್ಮನ ಮಗ ಕಾರು ತೆಗೆದುಕೊಂಡ. ಮೊದಲ ಪ್ರಯಾಣ ಕೊಲ್ಲೂರಿಗೇ ಆಗಬೇಕೆಂದು ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಟಾಗ ನನ್ನನ್ನೂ ಬಿಡದೆ ಮುಂದಿನ ಸೀಟಿನಲ್ಲಿ ಕೂರಿಸಿದ. ಬೈಂದೂರು ಪೇಟೆ ಕಳೆದು ಮೂಡಕ್ಕೆ ತಿರುಗಿ ಸ್ವಲ್ಪ ದೂರ ಹೋಗಿದ್ದೆವು. ಕೊಯ್ಲು ಮುಗಿದ ಗದ್ದೆಯ ಮೂಲೆಯಲ್ಲಿ ಯಾರೋ ಸುಡುಮಣ್ಣು ಹಾಕಿದ್ದರು. ತರಗೆಲೆ, ಒಣ ಸಗಣಿ, ಮೇಲೆ ಮಣ್ಣು ಒಟ್ಟಿ ಒಳಗೊಳಗೇ ಬೇಯಲು ಬಿಡುತ್ತಾರಲ್ಲ, ಅದರ ಹೊಗೆ ಕಿಟಕಿಯಿಂದ ಒಳಗೆ ಬಂತು.

"ಒಂದು ಗಳಿಗೆ ನಿಲ್ಲಿಸು ಮಾರಾಯ" ಎಂದೆ.

"ಎಂತ ಅತ್ತೆ, ವಾಂತಿ ಬಪ್ಪಾಂಗ್ ಆತ್ತಾ?" ಎಂದು ಅವನು ಗಾಬರಿಯಾದ.

ವಾಂತಿಯೂ ಇಲ್ಲ, ಏನೂ ಇಲ್ಲ ಎಂದು ಕೆಳಗಿಳಿದು ಗದ್ದೆಯ ಅಂಚಿನಲ್ಲಿ ನಿಂತೆ. ಮಕ್ಕಳು ಕಾರಿನಲ್ಲಿ ಗಲಾಟೆ ಮಾಡುತ್ತಿದ್ದರು. ಅಲ್ಲಿಂದ ಒಳಗೆ ಹೋದರೆ ನೀರ್ಕೋಡು. ನಾನು ಮೊದಲ ಬಾರಿಗೆ ಕೆಲಸಕ್ಕೆ ಸೇರಿದ ಊರು. ಒಂದೇ ಒಂದು ವರ್ಷ, ಅದೂ ಪೂರ್ತಿ ವರ್ಷವಲ್ಲ, ಅಲ್ಲಿ ಮಕ್ಕಳಿಗೆ ಭೂಗೋಳ ಕಲಿಸಿದ್ದೆ.

ಆಗ ಯುದ್ಧ ನಡೆಯುತ್ತಿತ್ತು. ರಂಗೂನ್ ಅಕ್ಕಿ ಬರುವುದು ನಿಂತುಹೋಗಿ ಉಳ್ಳವರ ಮನೆಯಲ್ಲೂ ಗಂಜಿ ನೀರಾಗಿತ್ತು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಏರು ಬಂದರೆ ಜನ ಇಳಿದು ದೂಡಬೇಕು. ನನಗೆ ಇಪ್ಪತ್ತು ತುಂಬಿರಲಿಲ್ಲ.

ನಮ್ಮ ಮನೆ ಸಾಲಿಗ್ರಾಮದ ಹತ್ತಿರ. ಅಪ್ಪಯ್ಯ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದವರು. ನನಗೆ ಒಂಬತ್ತಕ್ಕೆ ಮದುವೆ ಮಾಡಿದರು. ನನಗೆ ಹನ್ನೊಂದಾದಾಗ ಆ ಹುಡುಗ ವಿಷಮಜ್ವರದಲ್ಲಿ ತೀರಿಕೊಂಡ. ಅವನ ಮನೆಯ ಹೊಸ್ತಿಲನ್ನು ನಾನು ತುಳಿದವಳೇ ಅಲ್ಲ. ಊರವರೆಲ್ಲ ಹೇಳಿದರೂ ಅಪ್ಪಯ್ಯ ನನ್ನ ತಲೆಕೂದಲು ತೆಗೆಸಲು ಒಪ್ಪಲಿಲ್ಲ. ಅದೊಂದು ಮಾತ್ರ ಅವರಿಂದ ಸಾಧ್ಯವಾಯಿತು. ಉಳಿದ ಎಲ್ಲದರಲ್ಲೂ ಊರಿನ ಮಾತೇ ನಡೆಯಿತು. ಬಳೆ, ಕುಂಕುಮ ಹೋಯಿತು, ಬಿಳಿ ಸೀರೆ ಬಂತು, ಬಾಗಿಲಿನಿಂದ ಆಚೆ ಹೋಗುವುದು ನಿಂತಿತು. ಆರು ವರ್ಷ ನಾನು ಕಂಡ ಲೋಕವೆಂದರೆ ನಮ್ಮ ಹಿತ್ತಿಲು, ಬಾವಿಕಟ್ಟೆ, ಅಡಿಗೆಕೋಣೆಯ ಹೊಗೆಗಿಂಡಿಯಿಂದ ಕಾಣುವಷ್ಟು ಆಕಾಶ. ಕಡೆಗೆ ಮಂಗಳೂರಿನ ಸೋದರಮಾವ ಹಟ ಹಿಡಿದು ನನ್ನನ್ನು ಟ್ರೈನಿಂಗ್ ಶಾಲೆಗೆ ಸೇರಿಸಿದರು. ನಾನು ಪಾಸಾಗಿ ಬರುವ ಹೊತ್ತಿಗೆ ಅಪ್ಪಯ್ಯ ಇರಲಿಲ್ಲ. ಮನೆಯಲ್ಲಿ ಅಣ್ಣ, ಅತ್ತಿಗೆ, ಚಿಕ್ಕ ತಮ್ಮ. ನೀರ್ಕೋಡಿನ ಜಮೀನುದಾರ ಶೆಟ್ಟರು ನಡೆಸುವ ಶಾಲೆಯಲ್ಲಿ ಜಾಗವಿದೆಯೆಂದು ಕೇಳಿದ್ದೇ ನಾನು ಟ್ರಂಕು ಕಟ್ಟಿದೆ.

ಚೌತಿ ಕಳೆದು ಮಳೆ ಬಿಟ್ಟು ಹೊಳವಾದಾಗ ಅಲ್ಲಿಗೆ ಮುಟ್ಟಿದೆ. ಶಾಲೆಯೆಂದರೆ ಶೆಟ್ಟರ ಕಣದ ಪಕ್ಕದ ಒಂದು ಮುಳಿಹುಲ್ಲಿನ ಮಾಡು, ನಡುವೆ ಬಿದಿರಿನ ತಡಿಕೆ. ತಡಿಕೆಯ ಆಚೆ ಹೆಡ್ ಮಾಷ್ಟ್ರು ನಾಲ್ಕು ಮತ್ತು ಐದನೆಯ ಕ್ಲಾಸು ನೋಡಿಕೊಳ್ಳುತ್ತಿದ್ದರು, ಈಚೆ ಒಂದರಿಂದ ಮೂರರವರೆಗೆ ನನ್ನದು. ಗೋಡೆಯಲ್ಲಿ ಎರಡು ಗೋಲಗಳಿರುವ ಪ್ರಪಂಚದ ನಕ್ಷೆ. ಅದನ್ನು ಶೆಟ್ಟರು ಮಂಗಳೂರಿನಿಂದ ತರಿಸಿದ್ದರು. ಊರಿಗೆ ಯಾರು ಬಂದರೂ ಅದನ್ನು ತೋರಿಸದೆ ಕಳಿಸುತ್ತಿರಲಿಲ್ಲ.

ನನಗೆ ಉಳಿಯಲು ಜಾಗ ಸಿಕ್ಕಿದ್ದು ಗುಡಿಯ ಪಕ್ಕದ ಒಬ್ಬ ಅಜ್ಜಿಯ ಮನೆಯಲ್ಲಿ. ಎಲ್ಲರೂ ಅವರನ್ನು ಅಜ್ಜಮ್ಮ ಎನ್ನುತ್ತಿದ್ದರು. ಬೋಳು ತಲೆ, ಕೆಂಪು ಸೀರೆ, ಬಾಗಿದ ಬೆನ್ನು. ದೇವರಿಗೆ ಬತ್ತಿ ಹೊಸೆದು ಕೊಡುವುದು ಅವರ ಕೆಲಸ. ನಾನು ಟ್ರಂಕು ಇಳಿಸಿ ನಮಸ್ಕಾರ ಮಾಡಲು ಬಗ್ಗಿದರೆ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ತಲಿಕೂದ್ಲ್ ಬಿಟ್ಕಂಡಿದ್ಯಲೆ ಹೆಣೆ?"

"ಅಪ್ಪಯ್ಯ ತೆಗೆಸಲಿಲ್ಲ."

"ಹಾಂಗಾರೆ ನನ್ ಒಲಿ ಹತ್ರ ಬಪ್ಪುಕಿಲ್ಲೆ. ಆಚಿ ಕೋಣಿಯಗೆ ಬೇರೆ ಒಲಿ ಹೂಡ್ಕೊ. ಬಾವಿ ಹಗ್ಗವೂ ನಿಂದ್ ಬೇರೆ."

ಹಾಗೆ ಒಂದೇ ಮಾಡಿನ ಕೆಳಗೆ ಎರಡು ಒಲೆ. ಕೂದಲು ತೆಗೆಸದ ವಿಧವೆಯ ಕೈನೀರು ಅವರಿಗೆ ಆಗದು. ನನ್ನ ನೆರಳು ಬತ್ತಿಯ ಬುಟ್ಟಿಯ ಮೇಲೆ ಬಿದ್ದರೆ ಅದನ್ನು ಎತ್ತಿ ಬೇರೆ ಕಡೆ ಇಡುತ್ತಿದ್ದರು. ಸಿಟ್ಟಿನಿಂದಲ್ಲ, ಅಂಗಳಕ್ಕೆ ಬಂದ ಕೋಳಿಯನ್ನು ಅಟ್ಟುವಷ್ಟು ಸಹಜವಾಗಿ. ಗೋಡೆಯ ಆಚೆ ಅವರು ಸ್ತೋತ್ರ ಹೇಳಿಕೊಳ್ಳುವುದು ಕೇಳುತ್ತಿತ್ತು. ನನ್ನ ಜತೆ ಮಾತಿಲ್ಲ.

ವಾರದ ದಿನಗಳು ಹೇಗೋ ಹೋಗುತ್ತಿದ್ದವು. ಶಾಲೆಯಲ್ಲಿ ಮಕ್ಕಳಿದ್ದವು. ಭಾನುವಾರ ಬಂತೆಂದರೆ ಮಾತ್ರ ನನಗೆ ಹೆದರಿಕೆಯಾಗುತ್ತಿತ್ತು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿ ತೆರೆಯುವ ಸಂದರ್ಭವೇ ಇಲ್ಲ. ಒಮ್ಮೆ ಸೋಮವಾರ ಹಾಜರಿ ಕರೆಯಲು ಹೋದರೆ ಧ್ವನಿಯೇ ಹೊರಡದೆ ಕೆಮ್ಮಿಬಿಟ್ಟೆ. ಅಂದಿನಿಂದ ಭಾನುವಾರ ಊಟವಾದ ಮೇಲೆ ಭೂಗೋಳದ ಪುಸ್ತಕ ತೆಗೆದು ನದಿಗಳ ಹೆಸರನ್ನು ಗಟ್ಟಿಯಾಗಿ ಓದತೊಡಗಿದೆ. ಗಂಗೆ, ಯಮುನೆ, ಗೋದಾವರಿ, ಕೃಷ್ಣೆ. ಯಾರಿಗಾಗಿಯೂ ಅಲ್ಲ, ನನ್ನ ಧ್ವನಿ ನನಗೇ ಕೇಳಲೆಂದು.

ಮೂರನೆಯ ಕ್ಲಾಸಿಗೆ ಭೂಗೋಳ ಆಗಷ್ಟೇ ಶುರು. ಮೊದಲು ದಿಕ್ಕುಗಳು, ಆಮೇಲೆ ಶಾಲೆಯ ಕೋಣೆ, ಆಮೇಲೆ ಊರು, ಗುಡ್ಡ, ಹೊಳೆ. ಕಡೆಗೆ ತಾಲೂಕು, ಜಿಲ್ಲೆ. ಊರನ್ನು ಮಕ್ಕಳಿಗೆ ನಡೆದು ತೋರಿಸಬೇಕೆಂದು ಟ್ರೈನಿಂಗಿನಲ್ಲಿ ಮತ್ತೆ ಮತ್ತೆ ಹೇಳಿದ್ದರು. ನಾನು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ನಾನೇ ಒಂದು ಊರನ್ನು ನಡೆದು ನೋಡಿದವಳಲ್ಲ.

"ಪೂರ್ವ ಯಾವ ಕಡೆ?" ಎಂದು ಮೊದಲ ದಿನ ಕೇಳಿದೆ. ಒಂದು ಮಗುವೂ ಬಾಯಿ ಬಿಡಲಿಲ್ಲ.

"ಸೂರ್ಯ ಹುಟ್ಟುವ ಕಡೆ?"

"ಮೂಡ್!" ಎಂದು ಎಲ್ಲವೂ ಒಟ್ಟಿಗೆ ಕೂಗಿದವು.

ಮುಂದಿನ ಸಾಲಿನಲ್ಲಿ ಗಿರಿಜೆ ಎಂಬ ಹುಡುಗಿ ಕೂತಿದ್ದಳು. ಶೆಟ್ಟರ ಒಕ್ಕಲಿನ ಮನೆಯವಳು, ಎಣ್ಣೆ ಕಾಣದ ಕೂದಲು, ಸದಾ ಮಾತಿಗೆ ತಯಾರಾದ ಕಣ್ಣು. ಅವಳು ಎದ್ದು ನಿಂತು, "ನಮ್ದ್ ಬಡಗ್ಲ್ ಮನಿ ಟೀಚ್ರೆ. ಅಲ್ಲಿಂದ ತೆಂಕ್ ಬದಿಗ್ ಬಂದ್ರೆ ಶಾಲಿ. ಪಡು ಬದಿಗ್ ಹೋರೆ ಹೊಳಿ" ಎಂದು ಕೈ ತೋರಿಸುತ್ತ ಹೇಳಿದಳು. ಅಂದಿನಿಂದ ನಾವು ಪೂರ್ವ ಎನ್ನುವ ಮೊದಲು ಮೂಡು ಎಂದೆವು, ಪಶ್ಚಿಮ ಎನ್ನುವ ಮೊದಲು ಪಡು ಎಂದೆವು. ಪಾಠ ಸುಲಭವಾಗಿ ಮುಂದೆ ಹೋಯಿತು. ಸಗಣಿ ಸಾರಿಸಿದ ನೆಲದ ಮೇಲೆ ರಂಗೋಲಿ ಹುಡಿಯಲ್ಲಿ ಶಾಲೆಯ ಕೋಣೆಯನ್ನು ಬಿಡಿಸಿದೆವು, ಬಾಗಿಲು ಎಲ್ಲಿ, ನಕ್ಷೆ ಎಲ್ಲಿ, ಟೀಚರು ಎಲ್ಲಿ ಎಂದು ಗುರುತು ಹಾಕಿದೆವು.

ಆಮೇಲೆ ಊರು ನೋಡಲು ಹೊರಟೆವು. ಬೆಳಗಿನ ಮೊದಲ ಪಾಠವೇ ಅದು. ಕಣ ದಾಟಿ ಗದ್ದೆಯ ಅಂಚಿಗೆ ಬಂದಿದ್ದೇವಷ್ಟೇ, ಎದುರಿನಿಂದ ಒಬ್ಬರು ಹೆಗಲ ಮೇಲೆ ಶಲ್ಯ ಹಾಕಿಕೊಂಡು, ಜತೆಗೊಂದು ಹೋರಿ ಹಿಡಿದುಕೊಂಡು ಬರುತ್ತಿದ್ದರು. ನನ್ನನ್ನು ಕಂಡವರೇ ನಿಂತರು. ಹೋರಿಯನ್ನು ತಿರುಗಿಸಿ ವಾಪಸು ನಡೆದು ತಮ್ಮ ಜಗಲಿಯಲ್ಲಿ ಕೂತು ಎಲೆ ಅಡಿಕೆ ತೆಗೆದರು.

"ಅವರು ಯಾಕೆ ತಿರುಗಿ ಹೋದರು?" ಎಂದು ನಾನೇ ಕೇಳಿಬಿಟ್ಟೆ. ಗೊತ್ತಿಲ್ಲದೆ ಕೇಳಿದ್ದಲ್ಲ, ಸುಮ್ಮನಿರಲಾರದೆ ಕೇಳಿದ್ದು.

"ನೀವ್ ಎದ್ರ್ ಬಂದ್ರಲ್ದಾ ಟೀಚ್ರೆ, ಅದ್ಕೆ" ಎಂದಳು ಗಿರಿಜೆ. ಅವಳ ಮಾತಿನಲ್ಲಿ ಚುಚ್ಚುವುದೇನೂ ಇರಲಿಲ್ಲ. ಮಳೆ ಬಂತು, ಅದಕ್ಕೆ ಒದ್ದೆಯಾಯಿತು ಎನ್ನುವ ಹಾಗೆ ಹೇಳಿದಳು. ನಾನು "ಇಲ್ಲಿ ನೋಡಿ, ಇದು ಎತ್ತರದ ಜಾಗ, ಅದು ತಗ್ಗು, ನೀರು ಯಾವ ಕಡೆ ಹರಿಯುತ್ತದೆ?" ಎಂದು ಪಾಠ ಮುಂದುವರಿಸಿದೆ. ಆದರೆ ಕಣ್ಣು ಮಂಜಾಗಿ ಎತ್ತರವೂ ಕಾಣಲಿಲ್ಲ, ತಗ್ಗೂ ಕಾಣಲಿಲ್ಲ.

ಹಾಗೆ ಮೂರು ನಾಲ್ಕು ಸಲ ಆಯಿತು. ಒಬ್ಬರು ಕೋರ್ಟಿಗೆ ಹೊರಟವರು, ಒಬ್ಬರು ಹೆಣ್ಣು ನೋಡಲು ಹೊರಟವರು. ಒಂದು ದಿನ ಹೆಡ್ ಮಾಷ್ಟ್ರು ತಡಿಕೆಯ ಈಚೆ ಬಂದು ನಿಂತರು. ಕೆಟ್ಟವರಲ್ಲ, ಹೆದರುವ ಸ್ವಭಾವದವರು.

"ಕಾಣಿ ಟೀಚರ್, ಬೆಳಿಗ್ಗೆ ಹೊತ್ತ್ ಮಕ್ಕಳನ್ ಕರ್ಕಂಡ್ ದಾರಿ ಮೇಲ್ ಹೋಪ್ದ್ ಬ್ಯಾಡ. ಜನ ನಂಗೆ ಬಂದ್ ಹೇಳ್ತ್ರ್. ಗೋಡಿ ಮೇಲ್ ನಕ್ಷೆ ಇತ್ತಲೆ, ಅದ್ರಗೇ ಕಲ್ಸಿ."

"ಆ ನಕ್ಷೆಯಲ್ಲಿ ನೀರ್ಕೋಡು ಇಲ್ಲ ಮಾಷ್ಟ್ರೆ."

"ನೀರ್ಕೋಡ್ ಕಲ್ಸುಕೆ ಎಂತ ಇತ್ತ್? ಅವು ಹುಟ್ಟಿದ್ದೇ ಇಲ್ಲಿ ಅಲ್ದಾ?"

ದೀಪಾವಳಿ ಕಳೆದು ಕೊಯ್ಲು ಮುಗಿಯುವವರೆಗೂ ಮಕ್ಕಳನ್ನು ಒಳಗೇ ಕೂರಿಸಿ ನಕ್ಷೆ ತೋರಿಸಿದೆ. ಏಷ್ಯಾ, ಆಫ್ರಿಕಾ, ಕೋಲು ಹಿಡಿದು ಒಂದೊಂದಾಗಿ. ಮಕ್ಕಳು ಹಿಂದೆಯೇ ಹೇಳಿದವು. ಸಂಜೆ ಮನೆಗೆ ಹೋಗಿ ಒಲೆ ಹಚ್ಚಿ ಒಂದು ಹಿಡಿ ಅಕ್ಕಿ ಬೇಯಿಸಿ ಉಂಡು ಮಲಗುತ್ತಿದ್ದೆ. ಕೊಯ್ಲಾದ ಗದ್ದೆಗಳಲ್ಲಿ ಸುಡುಮಣ್ಣಿನ ಹೊಗೆ ಎದ್ದು ಊರಿನ ಮೇಲೆ ತೆಳ್ಳಗೆ ನಿಲ್ಲುತ್ತಿತ್ತು. ಆಚೆಮನೆಗಳ ದೀಪ ಆ ಹೊಗೆಯೊಳಗೆ ಬಹಳ ದೂರದಲ್ಲಿದ್ದಂತೆ ಕಾಣುತ್ತಿತ್ತು. ಇಷ್ಟು ಜನ ಇರುವ ಊರಿನಲ್ಲಿ ನನ್ನ ಮುಖ ಕಂಡರೆ ಒಳ್ಳೆಯದೆಂದುಕೊಳ್ಳುವವರು ಒಬ್ಬರೂ ಇಲ್ಲವಲ್ಲ ಎಂದು ಅನಿಸಿದಾಗ ಅಳು ಬರುತ್ತಿರಲಿಲ್ಲ, ಎದೆ ಒಣಗಿದಂತಾಗುತ್ತಿತ್ತು.

ಒಂದು ಸಂಜೆ ಶಾಲೆ ಬಿಟ್ಟು ಮನೆಗೆ ಬರುವಾಗ ಆ ಹೋರಿಯವರೇ ಎದುರಾದರು. ನಾನು ತಡೆದು ಬದಿಗೆ ನಿಂತೆ. ಅವರು ನಿಲ್ಲದೆ ಸುಮ್ಮನೆ ನನ್ನನ್ನು ದಾಟಿ ಹೋದರು. ಆಗ ಹೊಳೆಯಿತು, ಸಂಜೆ ಯಾರೂ ಕೆಲಸಕ್ಕೆ ಹೊರಟವರಲ್ಲ, ಕೆಲಸ ಮುಗಿಸಿ ಮನೆಗೆ ಬರುವವರು. ಅವರಿಗೆ ನಾನು ಎದುರು ಬಂದರೂ ಹಾಳಾಗುವುದಕ್ಕೆ ಏನೂ ಉಳಿದಿಲ್ಲ. ಮರುದಿನವೇ ಲೆಕ್ಕದ ಪಾಠವನ್ನು ಬೆಳಿಗ್ಗೆಗೂ ಭೂಗೋಳವನ್ನು ಕೊನೆಯ ಪಾಠಕ್ಕೂ ಹಾಕಿಕೊಂಡೆ. ಹೆಡ್ ಮಾಷ್ಟ್ರು ನೋಡಿದರು, ತಡೆಯಲಿಲ್ಲ.

ಆಮೇಲಿನ ದಿನಗಳು ಚೆನ್ನಾಗಿದ್ದವು. ದಿನಾ ಸ್ವಲ್ಪ ಸ್ವಲ್ಪ ನಡೆದು ಹೊಳೆಯ ಜಾಡು ಹಿಡಿದೆವು. ಮೂಡಣ ಗುಡ್ಡದ ಬುಡದಲ್ಲಿ ಕಲ್ಲಿನ ಸಂದಿನಿಂದ ನೀರು ಜಿನುಗುವ ಜಾಗ ನೋಡಿದೆವು. ಎರಡನೆಯ ಬೆಳೆಗೆಂದು ಊರವರು ಮಣ್ಣು, ಸೊಪ್ಪು ತುಂಬಿ ಹೊಳೆಗೆ ಅಡ್ಡ ಕಟ್ಟ ಹಾಕುತ್ತಿದ್ದಾಗ ದಂಡೆಯಲ್ಲಿ ಕೂತು, ತಡೆದ ನೀರು ತೋಡಿಗೆ ತಿರುಗುವುದನ್ನು ನೋಡಿದೆವು. ಪ್ರತಿದಿನ ನೋಡಿದ್ದನ್ನು ಮರುದಿನ ಶಾಲೆಯ ಅಂಗಳದಲ್ಲಿ ಮಣ್ಣಿನಿಂದ ಮಾಡುತ್ತಿದ್ದೆವು. ಗುಡ್ಡ, ಹೊಳೆ, ಕಟ್ಟ, ಗುಡಿ. ಗಿರಿಜೆ ತನ್ನ ಮನೆಗೆ ಒಂದು ಹೆಂಚಿನ ಚೂರು ಇಟ್ಟಳು. ಅವಳದು ಹುಲ್ಲಿನ ಮನೆ. ನಾನು ತಿದ್ದಲು ಹೋಗಲಿಲ್ಲ.

"ಕಟ್ಟ ದಾಟಿದ್ ನೀರ್ ಎಲ್ಲಿಗ್ ಹೋತ್ತ್ ಟೀಚ್ರೆ?" ಎಂದು ಅವಳೇ ಒಂದು ದಿನ ಕೇಳಿದಳು.

"ಬೈಂದೂರಿಗೆ."

"ಮತ್ತೆ?"

"ಸಮುದ್ರಕ್ಕೆ."

"ಸಮುದ್ರ ಅಂದ್ರೆ ಎಂತ? ನಮ್ ಕೆರಿಯಷ್ಟ್ ಇತ್ತಾ?"

ಉಳಿದ ಮಕ್ಕಳೂ ನನ್ನ ಮುಖ ನೋಡಿದವು. ಬೈಂದೂರಿನ ಕಡಲಕರೆ ಅಲ್ಲಿಂದ ಹತ್ತು ಮೈಲಿ ಇದ್ದರೆ ಹೆಚ್ಚು. ಆ ಮಕ್ಕಳಲ್ಲಿ ಒಬ್ಬರೂ ಸಮುದ್ರ ನೋಡಿರಲಿಲ್ಲ. ಬಸ್ಸಿನ ಕಿಟಕಿಯಿಂದ ಕಂಡದ್ದು ಬಿಟ್ಟರೆ ನಾನೂ ದಡಕ್ಕೆ ಹೋಗಿ ನೋಡಿದ್ದು ಒಮ್ಮೆ ಮಾತ್ರ, ಚಿಕ್ಕವಳಿದ್ದಾಗ ಅಪ್ಪಯ್ಯನ ಹೆಗಲ ಮೇಲೆ ಕೂತು. ಅದನ್ನೇ ಹೇಳಿದೆ. ನೀಲಿ, ದೊಡ್ಡದು, ಸದ್ದು ಮಾಡುತ್ತದೆ, ಉಪ್ಪು. ಹೇಳುತ್ತ ಹೋದಂತೆ ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಗಿರಿಜೆ, "ಹೋಪ ಟೀಚ್ರೆ, ಕಂಡ್ಕಂಡ್ ಬಪ್ಪ" ಎಂದಳು.

ಶೆಟ್ಟರ ಚಾವಡಿಗೆ ಹೋಗಿ ಕೇಳಿದೆ. ಅವರು ದೊಡ್ಡ ಮೈಯ, ಮೆಲ್ಲಗೆ ಮಾತಾಡುವ ಮನುಷ್ಯ. ನನ್ನನ್ನು ಕೂರಲು ಹೇಳಿ ಎಲ್ಲ ಕೇಳಿದರು.

"ಹೋಯ್ ಬಪ್ಪುಕೆ ಒಂದ್ ದಿನ ಬೇಕ್. ಬೆಳಗಾಪ್ಕೆ ಮೊದ್ಲೇ ಹೊರಡ್ಕ್. ಮಕ್ಕಳ್ನ ಕರ್ಕಂಡ್ ನೀವ್ ಮುಂದ್ ಹೋಪ್ದ್... ಅಪ್ಪ ಅಮ್ಮ ಕಳ್ಸುದಿಲ್ಲೆ ಟೀಚರ್ರೆ. ನಿಮ್ ಮೇಲ್ ನಂಗೆ ಎಂತದೂ ಇಲ್ಲೆ. ಊರ್ ಅಂದ್ರೆ ಹಾಂಗೆ."

ಬೈದಿದ್ದರೆ ವಾಸಿಯಿತ್ತು. ಮನೆಗೆ ಬಂದು ಒಲೆ ಹಚ್ಚಲೂ ಮನಸ್ಸಾಗದೆ ಬಾಗಿಲಿಗೆ ಒರಗಿ ಕೂತಿದ್ದೆ. ಗೋಡೆಯ ಆಚೆಯಿಂದ ಧ್ವನಿ ಬಂತು. ಮೊದಲ ದಿನ ಬಿಟ್ಟರೆ ಅಷ್ಟು ತಿಂಗಳಲ್ಲಿ ಅಜ್ಜಮ್ಮ ತಾವಾಗಿ ನನ್ನನ್ನು ಮಾತಾಡಿಸಿದ್ದು ಅದೇ ಮೊದಲು.

"ಹೆಣೆ, ಇವತ್ತ್ ಒಲಿ ಹಚ್ಚಲಿಲ್ಯಾ?"

"ಹಸಿವಿಲ್ಲ ಅಜ್ಜಮ್ಮ."

"ಶೆಟ್ರ್ ಬ್ಯಾಡ ಅಂದ್ರಾ? ಆ ಗಿರಿಜೆ ಬತ್ತಿ ಹತ್ತಿ ತಂದ್ಕೊಡುಕೆ ಬಂದಾಗ ಎಲ್ಲ ಹೇಳಿತ್." ಮತ್ತೆ ಕೇಳಿದರು. "ನೀನ್ ಭಾನುವಾರ ಗಂಗೆ ಯಮುನೆ ಅಂದೇಳಿ ಹೇಳ್ತ್ಯಲೆ, ಅದ್ ಎಂತ ಮಂತ್ರ?"

"ಮಂತ್ರ ಅಲ್ಲ ಅಜ್ಜಮ್ಮ. ಭೂಗೋಳ. ನದಿಗಳ ಹೆಸರು."

"ನಾನ್ ಮಂತ್ರ ಅಂದೇಳಿ ಗ್ರಹಿಸಿ ಕೈಮುಕ್ಕಂಡ್ ಕೂಕಂತಿದ್ದೆ." ಗೋಡೆಯ ಆಚೆ ಅವರು ನಕ್ಕರೋ ಏನೋ. "ಸಮುದ್ರ ಕಂಡಿದ್ಯಾ ನೀನ್?"

"ಒಮ್ಮೆ. ನೀವು?"

"ಮಳಿಗಾಲದಗೆ ಮೊರೀತ್ತಲೆ, ಅದ್ರ್ ಸದ್ದ್ ಇಲ್ಲಿಗ್ ಕೇಂತ್ತ್. ಏಳ್ ವರ್ಷದ್ ಹುಡ್ಗಿ ಇಪ್ಪತಿಗೆ ಈ ಮನಿಗ್ ಬಂದದ್. ಅವತ್ತಿಂದ ಕೇಂಬ್ದೇ ಸೈ. ಕಂಡಿದ್ದಿಲ್ಲೆ."

ಹದಿಮೂರಕ್ಕೆ ಗಂಡ ತೀರಿಕೊಂಡದ್ದು, ಆ ವಾರವೇ ಕೂದಲು ತೆಗೆಸಿದ್ದು, ಒಮ್ಮೆ ಕೊಲ್ಲೂರಿಗೆ ಹೋದದ್ದು ಬಿಟ್ಟರೆ ಊರಿನ ಗಡಿ ದಾಟದೇ ಇದ್ದದ್ದು, ಇವನ್ನೆಲ್ಲ ಅವರು ಗೋಡೆಯ ಆಚೆಯಿಂದಲೇ ಹೇಳಿದರು. ನಡುವೆ ಒಂದೇ ಒಂದು ಮಣ್ಣಿನ ಗೋಡೆ. ನಾನು ಹಣೆಯನ್ನು ಅದಕ್ಕೆ ತಾಗಿಸಿ ಕೂತು ಕೇಳಿದೆ.

ಮರುದಿನ ಅಜ್ಜಮ್ಮ ಕೋಲೂರಿಕೊಂಡು ಶೆಟ್ಟರ ಅಂಗಳಕ್ಕೆ ಹೋದರು. ಅವರು ಆ ಅಂಗಳಕ್ಕೆ ಹೋಗದೆ ಎಷ್ಟು ವರ್ಷವಾಗಿತ್ತೋ. ಶೆಟ್ಟರು ಚಾವಡಿಯಿಂದ ಇಳಿದು ಬಂದರಂತೆ.

"ಶೆಟ್ರೆ, ಎಳ್ಳಮಾಸಿ ಬಂತ್. ನಂಗೆ ಸಮುದ್ರಸ್ನಾನ ಆಯ್ಕ್. ಸಾಯುಕ್ ಮುಂಚೆ ಒಂದ್ ಸಲ. ಗಾಡಿ ಕೊಡಿ."

"ಅಕ್ಕ್ ಅಮ್ಮ, ಗಾಡಿ ಕೊಡ್ತೆ, ಅದಕ್ಕೆಂತ."

"ಒಬ್ಳೇ ಹೋಪುಕೆ ಹೆದ್ರಿಕಿ. ಟೀಚರ್ ಒಟ್ಟಿಗ್ ಬರ್ಲಿ. ಆ ಮಕ್ಳೂ ಬರ್ಲಿ."

ಎಳ್ಳಮಾವಾಸ್ಯೆಯ ಸಮುದ್ರಸ್ನಾನಕ್ಕೆ ಹೊರಟ ಮುದುಕಿಯನ್ನು ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಮಕ್ಕಳನ್ನು ಕಳಿಸಲು ಹಿಂದೆಮುಂದೆ ನೋಡಿದ ಮನೆಗಳಿಗೆ ಅಜ್ಜಮ್ಮ ತಾವೇ ಹೋಗಿ, ಪುಣ್ಯದ ಕೆಲಸಕ್ಕೆ ಅಡ್ಡಿ ಮಾಡಬೇಡಿ ಎಂದು ಬಂದರು. ಪುಣ್ಯ ಎಂದ ಮೇಲೆ ಮುಗಿಯಿತು.

ಬೆಳಕು ಹರಿಯುವಾಗ ಹೊರಟೆವು. ಗಾಡಿಯಲ್ಲಿ ಅಜ್ಜಮ್ಮ, ಚಿಕ್ಕ ಮಕ್ಕಳು, ಅವಲಕ್ಕಿಯ ಗಂಟು. ದೊಡ್ಡ ಮಕ್ಕಳೂ ನಾನೂ ಮುಂದೆ ನಡೆದೆವು. ಊರಿನ ತಿರುವಿನಲ್ಲಿ ಒಬ್ಬರು ಹಾರೆ ಹೊತ್ತುಕೊಂಡು ಬರುತ್ತಿದ್ದವರು ನಮ್ಮನ್ನು ಕಂಡು ನಿಂತು ಹಿಂದಕ್ಕೆ ತಿರುಗಿದರು. ಅಜ್ಜಮ್ಮ ಗಾಡಿಯಿಂದ ತಲೆ ಹೊರಹಾಕಿ ಕೂಗಿದರು.

"ಹ್ವಾಯ್! ತಿರ್ಗ್ ಹೋಪ್ದ್ ಎಂತಕ್ಕೆ? ಒಬ್ಳಾರೆ ದೋಷ. ಇಲ್ಲಿ ಇಬ್ರ್ ಇದ್ದೊ, ಒಂದಕ್ಕೊಂದ್ ಕಳ್ದ್ ಹೋತ್ತ್!"

ಗಾಡಿಯವನು ನಕ್ಕ. ಮಕ್ಕಳು ನಕ್ಕವು. ಹಾರೆಯವರೂ ನಾಚಿಕೊಂಡು ನಗುತ್ತ ಬದಿಗೆ ಸರಿದು ನಮಗೆ ದಾರಿ ಬಿಟ್ಟರು. ನಾನೂ ನಕ್ಕೆ. ಆ ಊರಿಗೆ ಬಂದ ಮೇಲೆ ದಾರಿಯ ಮೇಲೆ ನಿಂತು ನಕ್ಕದ್ದು ಅದೇ ಮೊದಲು.

ಹೊಳೆಯ ಬದಿಯಲ್ಲೇ ದಾರಿ. ನಾವು ನೋಡಿದ ಕಟ್ಟ, ಅದರಾಚೆ ನೋಡದಿದ್ದ ಇನ್ನೆರಡು ಕಟ್ಟ, ಇನ್ನೊಂದು ಕಡೆಯಿಂದ ಬಂದು ಸೇರುವ ತೋಡು. ಮಕ್ಕಳು ಒಂದೊಂದನ್ನೂ ಕೂಗಿ ಹೇಳಿದವು. ಬಿಸಿಲೇರಿದ ಹಾಗೆ ಹೊಳೆ ಅಗಲವಾಯಿತು, ನೀರಿನ ಓಟ ನಿಂತಂತಾಯಿತು. ಬೈಂದೂರು ಕಳೆದ ಮೇಲೆ ಒಂದು ಕಡೆ ಗಿರಿಜೆ ಇಳಿದು ಬೊಗಸೆಯಲ್ಲಿ ಕುಡಿದವಳೇ ಉಗುಳಿ, "ಟೀಚ್ರೆ, ಹೊಳಿಗ್ ಯಾರೋ ಉಪ್ಪ್ ಹಾಕಿರ್!" ಎಂದು ಕಿರುಚಿದಳು. ಎಲ್ಲರೂ ಕುಡಿದು ನೋಡಿ ಉಗುಳಿದರು. ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರವಾದಂತೆ ಮೀನು ಒಣಹಾಕಿದ ವಾಸನೆ ಬಂತು. ಅಜ್ಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಆದರೆ ಕಣ್ಣನ್ನು ಮುಂದಿನಿಂದ ತೆಗೆಯಲಿಲ್ಲ.

ಮರಳಿನ ದಿಬ್ಬ ಹತ್ತಿ ಮಕ್ಕಳು ಒಮ್ಮೆಗೇ ನಿಂತುಬಿಟ್ಟವು. ಕೂಗುತ್ತವೆ, ಓಡುತ್ತವೆ ಎಂದುಕೊಂಡಿದ್ದೆ. ಬಹಳ ಹೊತ್ತಾದ ಮೇಲೆ ಗಿರಿಜೆ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು.

"ಟೀಚ್ರೆ, ಇದ್ರ ಆಚಿ ದಡ ಎಲ್ಲಿ?"

ನಕ್ಷೆಯಲ್ಲಿ ನಾನು ಕೋಲಿನಿಂದ ತೋರಿಸಿದ್ದ ದೇಶಗಳ ಹೆಸರನ್ನು ಹೇಳಿದೆ. ಅರಬಸ್ಥಾನ, ಅದರಾಚೆ ಆಫ್ರಿಕಾ. ಶಾಲೆಯಲ್ಲಿ ಅವೇ ಹೆಸರುಗಳನ್ನು ಎಷ್ಟೋ ಸಲ ಹೇಳಿದ್ದೆ. ಆ ದಿನ ಹೇಳುವಾಗ ನನ್ನ ಮೈ ಜುಮ್ಮೆಂದಿತು.

ಅಜ್ಜಮ್ಮ ಕೋಲನ್ನು ಮರಳಿನಲ್ಲಿ ಬಿಟ್ಟು ನೀರಿಗೆ ಇಳಿದರು. ಮೊದಲ ತೆರೆ ಬಂದು ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳು ಜಾರಿ ತತ್ತರಿಸಿದರು. ನಾನು ಓಡಿಹೋದೆ. ಹತ್ತಿರ ಹೋಗಿ ಕೈ ಚಾಚಲೋ ಬೇಡವೋ ಎಂದು ನಿಂತೆ. ಅವರು ತಿರುಗಿ ನೋಡಿದವರೇ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಲುಬು ಮಾತ್ರ ಉಳಿದ ಕೈ, ಆದರೆ ಎಂಥ ಹಿಡಿತ! ಹನ್ನೊಂದು ವರ್ಷಕ್ಕೆ ವಿಧವೆಯಾದ ಮೇಲೆ ಬೇರೆಯವರೊಬ್ಬರು ತಾವಾಗಿ ನನ್ನ ಕೈ ಹಿಡಿದದ್ದು ನನಗೆ ನೆನಪಿರಲಿಲ್ಲ.

"ಮಡಿ, ಅಜ್ಜಮ್ಮ" ಎಂದೆ. ಯಾಕೆ ಹಾಗೆಂದೆನೋ.

"ಇಲ್ಲಿ ಎಂತ ಮಡಿ ಹೆಣೆ? ಇದ್ರಗೆ ಎಲ್ಲ ತೊಳ್ದ್ ಹೋತ್ತ್. ಬಿಡ್ಬ್ಯಾಡ, ಹಿಡ್ಕೊ."

ಇಬ್ಬರೂ ಕೈ ಹಿಡಿದುಕೊಂಡು ಮುಳುಗಿದೆವು. ಎದ್ದಾಗ ಅವರ ಬೋಳುತಲೆಯಿಂದ ನೀರು ಇಳಿಯುತ್ತಿತ್ತು, ಬಾಯಿ ತೆರೆದು ಮಗುವಿನ ಹಾಗೆ ಉಸಿರು ಬಿಡುತ್ತಿದ್ದರು. "ಇಷ್ಟ್ ಹತ್ರ ಇತ್ತಲೆ" ಎಂದರು. ಮತ್ತೆ ಅದನ್ನೇ ಎಂದರು. "ಇಷ್ಟ್ ಹತ್ರ ಇತ್ತಲೆ."

ಊರಿಗೆ ಮರಳಿದ ಮರುದಿನ ನಾನು ಒಲೆ ಹಚ್ಚಲು ಕೂತಾಗ ಅವರು ಬಾಗಿಲಿಗೆ ಬಂದು, "ಇಬ್ರಿಗ್ ಎರಡ್ ಒಲಿ ಎಂತಕ್ಕೆ? ಸೌದಿ ಹಾಳ್" ಎಂದರು. ಅಷ್ಟೇ. ಅಂದಿನಿಂದ ಒಂದೇ ಒಲೆಯಾಯಿತು. ಭಾನುವಾರಗಳಲ್ಲಿ ಅವರು ಬತ್ತಿ ಹೊಸೆಯುತ್ತಿದ್ದರು, ನಾನು ಪುಸ್ತಕ ಓದಿ ಹೇಳುತ್ತಿದ್ದೆ. ಯಾವ ನದಿ ಯಾವ ಸಮುದ್ರಕ್ಕೆ ಸೇರುತ್ತದೆಂದು ಕೇಳಿ ತಿಳಿದುಕೊಳ್ಳುತ್ತಿದ್ದರು. ದೊಡ್ಡ ನದಿಯೂ ಅಳಿವೆಯಲ್ಲಿ ಉಪ್ಪಾಗುತ್ತದೋ ಎಂದು ಅವರಿಗೊಂದು ಅನುಮಾನವಿತ್ತು.

ಬೇಸಿಗೆಯಲ್ಲಿ ಇನ್ಸ್‌ಪೆಕ್ಟರು ಬಂದು ಪರೀಕ್ಷೆ ಮಾಡಿದರು. ನಿಮ್ಮ ಊರಿನ ಹೊಳೆಯ ಬಗ್ಗೆ ಹೇಳಿ ಎಂದರು. ಗಿರಿಜೆ ಕಲ್ಲಿನ ಸಂದಿನಿಂದ ಹಿಡಿದು ಅಳಿವೆಯವರೆಗೆ ಒಂದೂ ಬಿಡದೆ ಹೇಳಿ, ಕೊನೆಗೆ "ಅಲ್ಲಿ ನೀರ್ ಉಪ್ಪ್. ನಾನೇ ಕುಡ್ದಿದ್ದೆ" ಎಂದಳು. ಅವರು ಬಹಳ ಸಂತೋಷಪಟ್ಟು ಹೋದರು. ಅದೇ ಗಿರಿಜೆಯ ಕೊನೆಯ ಪರೀಕ್ಷೆ. ಮನೆಯಲ್ಲಿ ಕೂಸು ಹುಟ್ಟಿ ಅದನ್ನು ಎತ್ತಿಕೊಳ್ಳಲು ಅವಳು ಬೇಕಾಯಿತು.

ಆ ವಾರವೇ ಶೆಟ್ಟರು ನನ್ನನ್ನು ಕರೆಸಿದರು. ಅವರ ಮುಖ ನೋಡಿದಾಗಲೇ ವಿಷಯ ತಿಳಿಯಿತು.

"ಮಳಿಗಾಲಕ್ಕೆ ಹೊಸ ಮಕ್ಕಳ್ ಸೇರ್ತ್ವೊ. ಮೊದ್ಲಿನ ಅಕ್ಷರ ನಿಮ್ ಕೈಯಗೆ ಬರ್ಸುಕೆ ಕೆಲವ್ ಮನಿಯೋರ್ ಒಪ್ದಿಲ್ಲೆ. ನಾನ್ ಹೇಳಿ ಸೋತೆ ಟೀಚರ್ರೆ. ಕೊಕ್ಕರ್ಣಿ ಬದಿಯಗೆ ಒಂದ್ ಶಾಲಿಯಗೆ ಮಾತಾಡಿದ್ದೆ. ಅಲ್ಲಿ ದೊಡ್ಡ್ ಕ್ಲಾಸ್ ಕೊಡ್ತ್ರ್."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೊಕ್ಕರ್ಣೆ ನಮ್ಮ ಜಿಲ್ಲೆಯ ನಕ್ಷೆಯಲ್ಲಿ ಎಲ್ಲಿದೆ ಎಂದು ಮನಸ್ಸಿನಲ್ಲೇ ಹುಡುಕುತ್ತ ಮನೆಗೆ ಬಂದೆ. ಅಜ್ಜಮ್ಮನಿಗೆ ಹೇಳಿದಾಗ ಬತ್ತಿ ಹೊಸೆಯುವ ಕೈ ನಿಂತಿತು, ಮತ್ತೆ ನಡೆಯಿತು.

ಊರು ಬಿಟ್ಟ ಮೇಲೆ ಅವರನ್ನು ನಾನು ನೋಡಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ತೀರಿಕೊಂಡರೆಂದು ಬೈಂದೂರಿನವರೊಬ್ಬರು ಹೇಳಿದರು. ನಾನು ಕೊಕ್ಕರ್ಣೆಯಲ್ಲಿ, ಬ್ರಹ್ಮಾವರದಲ್ಲಿ, ಕುಂದಾಪುರದಲ್ಲಿ ಪಾಠ ಮಾಡಿ ಬದುಕು ಕಳೆದೆ. ಎಷ್ಟೋ ಮಕ್ಕಳನ್ನು ಸಮುದ್ರಕ್ಕೆ ಕರೆದುಕೊಂಡು ಹೋದೆ. ಒಬ್ಬಳೇ ಉಳಿದೆ.

ನಾನು ನೀರ್ಕೋಡು ಬಿಟ್ಟ ಬೆಳಿಗ್ಗೆ ಅಜ್ಜಮ್ಮ ಮನೆಯಲ್ಲಿರಲಿಲ್ಲ. ಬೀಳ್ಕೊಡಲು ಸಂಕಟವಾಗಿ ಗುಡಿಗೆ ಹೋಗಿರಬೇಕು ಎಂದುಕೊಂಡು, ಶೆಟ್ಟರು ಕಳಿಸಿದ ಆಳಿನ ತಲೆಗೆ ಟ್ರಂಕು ಹೊರಿಸಿ ಹೊರಟೆ. ಪ್ರಯಾಣ ಹೊರಟವರಿಗೆ ತುಂಬಿದ ಕೊಡ ಹಿಡಿದ ಮುತ್ತೈದೆ ಎದುರಾದರೆ ಶುಭ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಯಾರಾದರೂ ದೂರ ಹೋಗುವಾಗ ಅತ್ತಿಗೆಯನ್ನು ಹಾಗೆ ಎದುರು ಕಳಿಸುತ್ತಿದ್ದರು. ನನ್ನನ್ನು ಒಳಗೆ ಇರಲು ಹೇಳುತ್ತಿದ್ದರು. ನನಗಾಗಿ ಅಂಥದ್ದನ್ನು ಯಾರೂ ಮಾಡಿರಲಿಲ್ಲ, ಮಾಡುವುದೂ ಇಲ್ಲ.

ಊರಿನ ತಿರುವಿಗೆ ಬಂದೆ. ಆಚೆಯಿಂದ ಅಜ್ಜಮ್ಮ ಬರುತ್ತಿದ್ದರು. ಕೆಂಪು ಸೀರೆ, ಬೋಳುತಲೆ, ಬಾಗಿದ ಸೊಂಟದ ಮೇಲೆ ನೀರು ತುಂಬಿದ ತಾಮ್ರದ ಕೊಡ. ಒಂದೊಂದು ಹೆಜ್ಜೆಗೂ ನೀರು ತುಳುಕಿ ಸೀರೆ ಒದ್ದೆಯಾಗುತ್ತಿತ್ತು. ಹೊರಲಾರದೆ ಹೊತ್ತು ತಂದಿದ್ದರು. ಟ್ರಂಕು ಹೊತ್ತ ಆಳು ತಡೆದು ನಿಂತ, ನನ್ನ ಮುಖ ನೋಡಿದ. ನಾನು ನಿಲ್ಲಲಿಲ್ಲ. ನೇರ ಅವರ ಎದುರಿಗೆ ನಡೆದೆ.

"ಕಾಣ್, ತುಂಬಿದ್ ಕೊಡ ಹಿಡ್ಕಂಡ್ ಎದ್ರ್ ಬಂದಿದ್ದೆ" ಎಂದರು ಏದುಸಿರು ಬಿಡುತ್ತ. "ಹಿಂದ್ ತಿರ್ಗಿ ಕಾಣ್ಬ್ಯಾಡ. ಹೋಯ್ಕ ಬಾ."

ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರು ಹಿಂದೆ ಸರಿಯಲಿಲ್ಲ. ಎದ್ದು ಮುಂದಕ್ಕೆ ನಡೆದೆ, ತಿರುಗಿ ನೋಡಲಿಲ್ಲ.

ಬೈಂದೂರಿಗೆ ಮುಟ್ಟಿದಾಗ ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಯಾವ ಏರಿನಲ್ಲೂ ಅದು ನಿಲ್ಲಲಿಲ್ಲ. ಕುಂದಾಪುರದ ಕಡವಿನಲ್ಲಿ ಗಾಳಿ ಇರಲಿಲ್ಲ, ದೋಣಿ ಅಲುಗದೆ ದಾಟಿತು. ಹೊತ್ತು ಮುಳುಗುವುದರೊಳಗೆ ನಾನು ಸಾಲಿಗ್ರಾಮದ ಮನೆಯಲ್ಲಿದ್ದೆ.